ಊರಿಲ್ಲದ ಜಾತ್ರೆ: ಗೋಥಮ್ ಬೌಲ್ ಏಕೆ ನಿಂತುಹೋಯಿತು

ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ 1962ರ ಡಿಸೆಂಬರ್‌ನಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು ನಡೆದವು. 15ರಂದು ನೆಬ್ರಾಸ್ಕಾ ಮತ್ತು ಮಯಾಮಿ ವಿಶ್ವವಿದ್ಯಾಲಯಗಳ ತಂಡಗಳು ಗೋಥಮ್ ಬೌಲ್‌ಗಾಗಿ ಸೆಣಸಿದವು. ಟಿಕೆಟ್ ಕೊಂಡು ಬಂದವರು 6,166 ಮಂದಿ. 30ರಂದು ವೃತ್ತಿಪರ ಲೀಗಿನ ಅಂತಿಮ ಪಂದ್ಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನು ಎದುರಿಸಿತು. ಅಂದು ಬಂದವರು 64,892 ಮಂದಿ. ಎರಡು ದಿನವೂ ನೆಲ ಹೆಪ್ಪುಗಟ್ಟುವ ಚಳಿ, ಎರಡನೆಯ ದಿನವಂತೂ ಕುಳಿರ್ಗಾಳಿಯ ಹೊಡೆತ ಬೇರೆ. ಗೋಥಮ್ ಬೌಲ್ 15ರ ಆ ಮಧ್ಯಾಹ್ನದ ನಂತರ ಮತ್ತೆಂದೂ ನಡೆಯಲಿಲ್ಲ. ಅದನ್ನು ಕೊಂದದ್ದು ಚಳಿ ಎಂದು ಹೇಳಿಬಿಡುವುದು ಸುಲಭ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಆ ಮಾತನ್ನು ಒಪ್ಪುವುದು ಕಷ್ಟ.

ಬೌಲ್ ಪಂದ್ಯ ಎಂಬ ಸಂಸ್ಥೆಯ ಹುಟ್ಟನ್ನು ನೋಡಿದರೆ ಕಾರಣ ಬೇರೆಡೆ ಇದೆಯೆಂದು ತಿಳಿಯುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಋತು ಶರತ್ಕಾಲದಲ್ಲಿ ಮುಗಿಯುತ್ತದೆ. ಆ ಬಳಿಕ ಡಿಸೆಂಬರ್ ಮತ್ತು ಜನವರಿಯಲ್ಲಿ ಯಾವುದೋ ಊರು ಎರಡು ಒಳ್ಳೆಯ ತಂಡಗಳನ್ನು ಆಹ್ವಾನಿಸಿ ಆಡಿಸುವ ಒಂದೇ ಒಂದು ಪಂದ್ಯವೇ ಬೌಲ್. ಇದರ ಮೂಲ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿದೆ. ಪೂರ್ವದ ರಾಜ್ಯಗಳು ಹಿಮದಲ್ಲಿ ಹೂತಿರುವಾಗ ತಮ್ಮಲ್ಲಿ ಗುಲಾಬಿ ಅರಳುತ್ತದೆ ಎಂದು ತೋರಿಸಲು ಅಲ್ಲಿನವರು 1890ರಲ್ಲಿ ಹೂವಿನ ಮೆರವಣಿಗೆ ಆರಂಭಿಸಿದರು. ಆ ಉತ್ಸವಕ್ಕೆ 1902ರಲ್ಲಿ ಫುಟ್‌ಬಾಲ್ ಸೇರಿತು. ಮಿಶಿಗನ್ ಅಂದು ಸ್ಟ್ಯಾನ್‌ಫರ್ಡನ್ನು 49-0ರಿಂದ ಸೋಲಿಸಿತು. 1916ರಿಂದ ಅದು ಪ್ರತಿವರ್ಷದ ಪದ್ಧತಿಯಾಯಿತು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ದಕ್ಷಿಣದ ಊರುಗಳು ಇದೇ ದಾರಿ ಹಿಡಿದವು: 1935ರಲ್ಲಿ ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್, ಎಲ್ ಪಾಸೋದ ಸನ್ ಬೌಲ್, 1937ರಲ್ಲಿ ಡಲ್ಲಾಸಿನ ಕಾಟನ್ ಬೌಲ್. ಇವೆಲ್ಲ ಊರಿನವರೇ ಮುಂದೆ ನಿಂತು ಕಟ್ಟಿದ ಉತ್ಸವಗಳು. ಮೆರವಣಿಗೆ, ವಾದ್ಯಮೇಳ, ತುಂಬಿದ ಹೋಟೆಲುಗಳ ನಡುವೆ ಪಂದ್ಯವೂ ಒಂದು ಅಂಗ. ನಮ್ಮ ಊರ ಜಾತ್ರೆಯಲ್ಲಿ ತೇರು ಎಷ್ಟೇ ದೊಡ್ಡದಿದ್ದರೂ ಹಗ್ಗಕ್ಕೆ ಕೈಹಾಕುವವರು ಊರಿನವರೇ ಆಗಿರಬೇಕಾದಂತೆ, ಬೌಲ್‌ಗೂ ತನ್ನದೆನ್ನುವ ಊರು ಬೇಕು. ಗೋಥಮ್ ಎಂಬುದು ನ್ಯೂಯಾರ್ಕಿಗೆ ಹಳೆಯ ಅಡ್ಡಹೆಸರು. ಆ ಹೆಸರಿನ ಬೌಲ್‌ಗೆ ಹೆಸರು ಸಿಕ್ಕಿತು, ಆದರೆ ಊರು ಸಿಗಲಿಲ್ಲ.

ತೊಡಕು ಮೊದಲ ಹೆಜ್ಜೆಯಲ್ಲೇ ಕಾಣಿಸಿಕೊಂಡಿತ್ತು. 1960ರಲ್ಲೇ ಪಂದ್ಯ ನಡೆಸುವ ಯೋಜನೆಯಿತ್ತು. ಆರೆಗನ್ ಸ್ಟೇಟ್ ಬರಲು ಸಿದ್ಧವಿತ್ತು, ಎದುರಾಳಿಯೇ ಸಿಗದೆ ಯೋಜನೆ ಬಿದ್ದುಹೋಯಿತು. 1961ರ ಡಿಸೆಂಬರ್ 9ರಂದು ಪೋಲೋ ಗ್ರೌಂಡ್ಸ್‌ನಲ್ಲಿ ಅಂತೂ ಮೊದಲ ಪಂದ್ಯ ನಡೆಯಿತು. ಟೆಕ್ಸಸ್‌ನ ಬೇಲರ್ ತಂಡ ಯೂಟಾ ಸ್ಟೇಟನ್ನು 24-9ರಿಂದ ಸೋಲಿಸಿತು. ಯೂಟಾ ಸ್ಟೇಟ್ ಸಾಮಾನ್ಯ ತಂಡವಾಗಿರಲಿಲ್ಲ. ಆ ಋತುವಿನಲ್ಲಿ ಒಂದೂ ಸೋಲುಣ್ಣದೆ ಬಂದಿತ್ತು. ದೇಶದ ಅತ್ಯುತ್ತಮ ಲೈನ್ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯನ್ನು ಅದೇ ವರ್ಷ ಗೆದ್ದ ಮರ್ಲಿನ್ ಓಲ್ಸನ್ ಅದರಲ್ಲಿದ್ದ. ಬಂದ ಪ್ರೇಕ್ಷಕರು ಸುಮಾರು ಹದಿನೈದು ಸಾವಿರ. ಲಕ್ಷಗಟ್ಟಲೆ ಜನರಿರುವ ಮಹಾನಗರದಲ್ಲಿ, ಬೇಸ್‌ಬಾಲ್ ತಂಡ ತೊರೆದುಹೋಗಿದ್ದ ಹಳೆಯ ಅಂಗಣದಲ್ಲಿ, ಅದು ತೀರಾ ಚಿಕ್ಕ ಗುಂಪು. ಟೆಕ್ಸಸ್ ಮತ್ತು ಯೂಟಾದ ಹುಡುಗರ ಆಟ ನೋಡಲು ಬ್ರಾಂಕ್ಸ್ ಅಥವಾ ಬ್ರೂಕ್ಲಿನ್‌ನ ಮನೆಯಿಂದ ಹೊರಡಲು ಯಾರಿಗೆ ತಾನೇ ಕಾರಣವಿತ್ತು?

ಎರಡನೆಯ ಪಂದ್ಯಕ್ಕೆ ಬಂದ ನೆಬ್ರಾಸ್ಕಾಕ್ಕೆ ಸಂಘಟಕರ ಮೇಲೆ ನಂಬಿಕೆ ಇರಲಿಲ್ಲ. ಖರ್ಚಿನ ಹಣ ಖಾತ್ರಿಯಾಗುವವರೆಗೆ ತಂಡದ ವಿಮಾನ ತನ್ನೂರು ಲಿಂಕನ್‌ನಿಂದ ಮೇಲೇಳಲಿಲ್ಲ. ಆದರೆ ಆಟ ಮಾತ್ರ ಅದ್ಭುತವಾಗಿತ್ತು. ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ. ನೆಲ ಕಾಂಕ್ರೀಟಿನಷ್ಟು ಗಟ್ಟಿ. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಮೀರಾ ಆ ಮರಗಟ್ಟಿಸುವ ಚಳಿಯಲ್ಲಿ 46 ಬಾರಿ ಚೆಂಡೆಸೆದು 24 ಎಸೆತಗಳನ್ನು ಗುರಿಮುಟ್ಟಿಸಿ 321 ಗಜ ಗಳಿಸಿದ. ಇಂದಿನ ಆಟದಲ್ಲಿ ಇದು ವಿಶೇಷವೆನಿಸದು. ಚೆಂಡನ್ನು ಎಸೆಯುವುದಕ್ಕಿಂತ ಹೊತ್ತು ಓಡುವುದೇ ವಾಡಿಕೆಯಾಗಿದ್ದ 1962ರಲ್ಲಿ ಅದು ಕಣ್ಣರಳಿಸುವ ಸಾಧನೆ. ಕೊನೆಯ ಘಳಿಗೆಯಲ್ಲಿ ಮಯಾಮಿ ಗೆಲುವಿನತ್ತ ನುಗ್ಗುತ್ತಿದ್ದಾಗ ನೆಬ್ರಾಸ್ಕಾದ ದೈತ್ಯದೇಹಿ ಲೈನ್ ಆಟಗಾರ ಬಾಬ್ ಬ್ರೌನ್ ಮೀರಾನ ಎಸೆತವನ್ನು ಮಧ್ಯದಲ್ಲೇ ಕಸಿದ. ನೆಬ್ರಾಸ್ಕಾ 36-34ರಿಂದ ಗೆದ್ದಿತು. ಬ್ರೌನ್ ಮುಂದೆ ವೃತ್ತಿಪರ ಆಟದ ಹಾಲ್ ಆಫ್ ಫೇಮ್ ಸೇರಿದ. ಆಟ ಚೆನ್ನಾಗಿದ್ದರೆ ಜನ ತಾವಾಗಿಯೇ ಬರುತ್ತಾರೆ ಎಂಬ ಮಾತಿಗೆ ಖಾಲಿ ಅಂಗಣದ ಈ ಪಂದ್ಯಕ್ಕಿಂತ ಕಟುವಾದ ಉತ್ತರ ಸಿಗದು.

ಸಂಘಟಕರ ಪರವಾಗಿ ಹೇಳಬಹುದಾದ ಬಲವಾದ ಮಾತೊಂದಿದೆ: ಅದು ದುರದೃಷ್ಟ. ಡಿಸೆಂಬರ್ 8ರಂದು, ಅಂದರೆ ಪಂದ್ಯಕ್ಕೆ ಒಂದು ವಾರವಿರುವಾಗ, ಮುದ್ರಣ ಕಾರ್ಮಿಕರ ಮುಷ್ಕರದಿಂದ ನ್ಯೂಯಾರ್ಕಿನ ದಿನಪತ್ರಿಕೆಗಳು ಬಂದಾದವು. ಆ ಮುಷ್ಕರ 114 ದಿನ ನಡೆಯಿತು. ದಿನಪತ್ರಿಕೆಯೇ ಆಟದ ಸುದ್ದಿಯ ಮುಖ್ಯ ಹಾದಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಪೆಟ್ಟಲ್ಲ, ಅದನ್ನು ಒಪ್ಪಲೇಬೇಕು. ಆದರೆ 30ರ ಪಂದ್ಯವೂ ಅದೇ ಮುಷ್ಕರದ ನಡುವೆಯೇ ನಡೆಯಿತು, ಅದೇ ಚಳಿಯಲ್ಲಿ ನಡೆಯಿತು. ಜೈಂಟ್ಸ್ ಎಲ್ಲಿ ಯಾವಾಗ ಆಡುತ್ತಾರೆಂದು ತಿಳಿಯಲು ನ್ಯೂಯಾರ್ಕಿಗರಿಗೆ ಪತ್ರಿಕೆ ಬೇಕಿರಲಿಲ್ಲ. ಆಗಿನ ನಿಯಮದಂತೆ ಆ ಪಂದ್ಯವನ್ನು ನಗರದ ಟಿವಿಯಲ್ಲಿ ತೋರಿಸುವಂತಿರಲಿಲ್ಲ, ಆದ್ದರಿಂದ ಜನ ಅಂಗಣಕ್ಕೇ ಬರಬೇಕಾಯಿತು ಎನ್ನುವುದೂ ನಿಜ. ಆದರೂ ಆ ಗಾಳಿಯಲ್ಲಿ ಬಂದು ಕೂರಲು ಮೊದಲು ತಂಡ ತಮ್ಮದು ಎನಿಸಬೇಕು. ಅಲ್ಲದೆ 1961ರಲ್ಲಿ ಮುಷ್ಕರವೇನೂ ಇರಲಿಲ್ಲ. 1960ರಲ್ಲಿ ಎದುರಾಳಿ ಸಿಗದಿದ್ದುದಕ್ಕೂ ಮುಷ್ಕರ ಹೊಣೆಯಲ್ಲ.

ಹಾಗಾದರೆ ನ್ಯೂಯಾರ್ಕಿಗೆ ಕಾಲೇಜು ಫುಟ್‌ಬಾಲ್ ಎಂದೂ ಹಿಡಿಸಿರಲಿಲ್ಲವೇ? ಖಂಡಿತ ಹಿಡಿಸಿತ್ತು. ಈ ಕಥೆಯಲ್ಲಿ ನನಗೆ ಹೆಚ್ಚು ನೋವುಂಟುಮಾಡುವ ಭಾಗ ಇದೇ. ಆರೆಂಜ್ ಬೌಲ್‌ಗೆ ಮುನ್ನುಡಿಯಾದ 1933ರ ಪಾಮ್ ಫೆಸ್ಟಿವಲ್ ಪಂದ್ಯದಲ್ಲಿ ಮಯಾಮಿಯ ಅತಿಥಿಯಾಗಿ ಹೋಗಿದ್ದದ್ದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಕಾಲೇಜು. ಮರುವರ್ಷ ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡನ್ನು 7-0ರಿಂದ ಮಣಿಸಿದ್ದು ನ್ಯೂಯಾರ್ಕಿನದೇ ಕೊಲಂಬಿಯಾ. ಬ್ರಾಂಕ್ಸ್‌ನ ಫೋರ್ಡಮ್ 1942ರ ಶುಗರ್ ಬೌಲ್ ಗೆದ್ದಿತ್ತು. 1946ರಲ್ಲಿ ಇದೇ ಯಾಂಕೀ ಸ್ಟೇಡಿಯಂನಲ್ಲಿ ಆರ್ಮಿ ಮತ್ತು ನಾಟರ್ ಡೇಮ್ ಕಾಲೇಜು ತಂಡಗಳು 0-0 ಸಮಬಲ ಸಾಧಿಸಿದ ಪಂದ್ಯಕ್ಕೆ 74 ಸಾವಿರ ಜನ ಸೇರಿದ್ದರು. ಆಮೇಲೆ ಒಂದೊಂದೇ ದೀಪ ಆರಿತು. ಮ್ಯಾನ್‌ಹ್ಯಾಟನ್ ಯುದ್ಧಕಾಲದಲ್ಲಿ ಫುಟ್‌ಬಾಲ್ ಬಿಟ್ಟಿತು, ನ್ಯೂಯಾರ್ಕ್ ವಿಶ್ವವಿದ್ಯಾಲಯ 1952ರ ಋತುವಿನ ನಂತರ, ಫೋರ್ಡಮ್ 1954ರ ನಂತರ. ಕೊಲಂಬಿಯಾ ಉಳಿಯಿತಾದರೂ ಅದು ಸೇರಿದ್ದ ಐವಿ ಲೀಗ್ ಒಕ್ಕೂಟದ ಕಾಲೇಜುಗಳು ಋತು ಮುಗಿದ ಮೇಲಿನ ಪಂದ್ಯಗಳನ್ನು ತಾವೇ ನಿಷೇಧಿಸಿಕೊಂಡವು. ಗೋಥಮ್ ಬೌಲ್ ಬರುವ ಹೊತ್ತಿಗೆ ನಗರದಲ್ಲಿ ಆ ಪಂದ್ಯಕ್ಕೆ ಆಹ್ವಾನಿಸಬಹುದಾದ ಒಂದು ಕಾಲೇಜೂ ಉಳಿದಿರಲಿಲ್ಲ. ಹಳೆಯ ವಿದ್ಯಾರ್ಥಿಗಳ ಅಭಿಮಾನ ಜೈಂಟ್ಸ್ ಕಡೆ ಹರಿದಿತ್ತು. 30ರಂದು ಜೈಂಟ್ಸ್ ತಂಡವನ್ನು 16-7ರಿಂದ ಸೋಲಿಸಿದ ಗ್ರೀನ್ ಬೇ ಕೋಚ್ ವಿನ್ಸ್ ಲೊಂಬಾರ್ಡಿ ಸ್ವತಃ ಬ್ರೂಕ್ಲಿನ್‌ನವ, ಫೋರ್ಡಮ್ ಪರ ಆಡಿ ಹೆಸರು ಮಾಡಿದವ. ನಗರದ ಕಾಲೇಜು ಆಟ ಬೆಳೆಸಿದ ಪ್ರತಿಭೆಯೂ ಆ ಹೊತ್ತಿಗೆ ವೃತ್ತಿಪರ ಲೀಗಿನ ಪಾಲಾಗಿತ್ತು.

ಸ್ಥಳೀಯ ತಂಡವೇ ಬೇಕೆಂದರೆ ಎಷ್ಟೋ ಬೌಲ್‌ಗಳು ಹುಟ್ಟುತ್ತಲೇ ಇರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿ, ತಂಡ ಇಲ್ಲದಿದ್ದರೂ ನಡೆದೀತು, ಆತಿಥೇಯರು ಇಲ್ಲದೆ ನಡೆಯದು. ಲಿಬರ್ಟಿ ಬೌಲ್ 1959ರಲ್ಲಿ ಆರಂಭವಾದದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಚಳಿಯಲ್ಲಿ ಪ್ರೇಕ್ಷಕರು ಕರಗುತ್ತ ಬಂದರು. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಚಾವಣಿಯ ಕೆಳಗೆ ಬೆಚ್ಚಗೆ ಆಡಿಸಿದರೂ ಜನ ಬರಲಿಲ್ಲ. 1965ರಲ್ಲಿ ಮೆಂಫಿಸ್‌ಗೆ ಸ್ಥಳಾಂತರಿಸಿದಾಗ ಆ ಊರು ಅದನ್ನು ತನ್ನದಾಗಿಸಿಕೊಂಡಿತು, ಇಂದಿಗೂ ನಡೆಸುತ್ತಿದೆ. ಹವಾಮಾನವೇ ಎಲ್ಲವೂ ಆಗಿದ್ದರೆ ಅಟ್ಲಾಂಟಿಕ್ ಸಿಟಿಯ ಚಾವಣಿ ಸಾಕಾಗಬೇಕಿತ್ತು. ಈಚಿನ ಕಾಲದ ಬಗ್ಗೆ ನನ್ನ ವಾದ ಅಷ್ಟು ಗಟ್ಟಿಯಲ್ಲ ಎಂಬುದನ್ನೂ ಹೇಳಬೇಕು. ಕ್ರೀಡಾ ವಾಹಿನಿ ಇಎಸ್‌ಪಿಎನ್ ತಾನೇ ಮಾಲೀಕತ್ವ ವಹಿಸಿ ಹಲವು ಬೌಲ್‌ಗಳನ್ನು ನಡೆಸುವ ಇಂದು, ಅರ್ಧ ಖಾಲಿ ಅಂಗಣದ ಪಂದ್ಯವೂ ಟಿವಿಯ ಹಣದಿಂದ ಬದುಕಬಲ್ಲದು. 1962ರಲ್ಲಿ ಆ ಆಸರೆ ಇರಲಿಲ್ಲ.

ಬ್ರಾಂಕ್ಸ್‌ಗೆ ಬೌಲ್ ಮರಳಿದ್ದು 48 ವರ್ಷಗಳ ನಂತರ, 2010ರ ಡಿಸೆಂಬರ್ 30ರಂದು. ಹೊಸ ಯಾಂಕೀ ಸ್ಟೇಡಿಯಂನ ಆ ಪಿನ್‌ಸ್ಟ್ರೈಪ್ ಬೌಲ್‌ಗೆ 38 ಸಾವಿರಕ್ಕೂ ಹೆಚ್ಚು ಜನ ಬಂದರು. ಚಳಿ ಆಗಲೂ ಇತ್ತು. ಬೇಸ್‌ಬಾಲಿನ ಯಾಂಕೀಸ್ ಸಂಸ್ಥೆ ಬೆನ್ನಿಗಿತ್ತು, ಕಾಲೇಜು ಒಕ್ಕೂಟಗಳ ಜೊತೆ ಮುಂಗಡ ಒಪ್ಪಂದವಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅಂಗಣದಲ್ಲಿದ್ದದ್ದು ನ್ಯೂಯಾರ್ಕ್ ರಾಜ್ಯದ್ದೇ ಆದ ಸಿರಕ್ಯೂಸ್. ಅದು ಕ್ಯಾನ್ಸಸ್ ಸ್ಟೇಟನ್ನು ಸೋಲಿಸಿದ್ದೂ 36-34ರಿಂದಲೇ. ಗೋಥಮ್ ಬೌಲ್‌ನ ನೆನಪಾದರೋ ಇಂದು ಹೆಚ್ಚಾಗಿ ಉಳಿದಿರುವುದು ಎರಡು ಸಾವಿರ ಕಿಲೋಮೀಟರ್ ಆಚೆಯ ನೆಬ್ರಾಸ್ಕಾದಲ್ಲಿ. 1941ರ ರೋಸ್ ಮತ್ತು 1955ರ ಆರೆಂಜ್ ಬೌಲ್‌ಗಳಲ್ಲಿ ಸೋತಿದ್ದ ಆ ವಿಶ್ವವಿದ್ಯಾಲಯಕ್ಕೆ ಇದು ಮೊದಲ ಬೌಲ್ ಗೆಲುವು, ಕೋಚ್ ಬಾಬ್ ಡೆವೆನಿಗೆ ಅಲ್ಲಿ ಮೊದಲ ವರ್ಷ. ಲಿಂಕನ್‌ನ ಅಂಗಣದ ಟಿಕೆಟ್‌ಗಳು ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುವ ಪರಿಪಾಠ ಶುರುವಾದದ್ದೂ ಅದೇ ಋತುವಿನಲ್ಲಿ. 1970 ಮತ್ತು 1971ರಲ್ಲಿ ಡೆವೆನಿಯ ತಂಡ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಯಿತು.