ಬ್ಲ್ಯಾಕ್ ಕ್ಯಾಟ್ ಕಮಾಂಡೋಗಳು ಸೇನೆಯ ಪಡೆಯೇ?

‘ಭಾರತೀಯ ಸೇನೆಯ ಬ್ಲ್ಯಾಕ್ ಕ್ಯಾಟ್ ಕಮಾಂಡೋಗಳು ವಿಶ್ವದಲ್ಲೇ ನಂಬರ್ ಒನ್’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಎರಡು ತಪ್ಪುಗಳಿವೆ ಎನ್ನುತ್ತೇವೆ ನಾವು.

ಒಂದು, ಬ್ಲ್ಯಾಕ್ ಕ್ಯಾಟ್ ಎಂದು ಕರೆಸಿಕೊಳ್ಳುವ ಎನ್‌ಎಸ್‌ಜಿ ಸೇನೆಯ ಭಾಗವಲ್ಲ. 1984ರಲ್ಲಿ ಆರಂಭವಾದ ಈ ಪಡೆ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ. ಗೊಂದಲಕ್ಕೆ ಕಾರಣವೂ ಇದೆ: ಅದರ ಕಾರ್ಯಾಚರಣೆ ತಂಡಕ್ಕೆ ಯೋಧರು ಸೇನೆಯಿಂದ ನಿಯೋಜನೆ ಮೇಲೆ ಬರುತ್ತಾರೆ. 2008ರ ಮುಂಬೈ ದಾಳಿ ವೇಳೆ ತಾಜ್ ಹೋಟೆಲ್‌ನಲ್ಲಿ ಪ್ರಾಣ ತೆತ್ತ ಎನ್‌ಎಸ್‌ಜಿಯ ಮೇಜರ್ ಸಂದೀಪ್ ಉನ್ನಿಕೃಷ್ಣನ್, ಬೆಂಗಳೂರಿನಲ್ಲಿ ಬೆಳೆದವರು, ಸೇನೆಯ ಬಿಹಾರ ರೆಜಿಮೆಂಟ್‌ನಿಂದ ಬಂದವರು.

ಎರಡು, ವಿಶೇಷ ಪಡೆಗಳಿಗೆ ರ‍್ಯಾಂಕ್ ಕೊಡುವ ಅಧಿಕೃತ ಅಂತಾರಾಷ್ಟ್ರೀಯ ಸಂಸ್ಥೆಯೇ ಇಲ್ಲ. ಕಾರ್ಯಾಚರಣೆಗಳ ವಿವರ ಗೋಪ್ಯವಾಗಿರುವಾಗ ಹೋಲಿಸುವುದಾದರೂ ಹೇಗೆ?

ಸಂದೀಪ್ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿದೆ. ಅಂಥ ತ್ಯಾಗದ ಹಿರಿಮೆಗೆ ಸುಳ್ಳು ರ‍್ಯಾಂಕಿನ ಹಂಗಿಲ್ಲ. ಹೊಗಳಿಕೆಯ ಫಾರ್ವರ್ಡ್ ಆದರೂ ಪರಿಶೀಲಿಸಿಯೇ ಕಳುಹಿಸಿ.