ಜೋಳಿಗೆಯೂ ಬಟ್ಟೆಯ ಬಿಲ್ಲೆಯೂ

ವ್ಯಸನ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ: ಬಿಡಲಾಗದ ಚಟವೂ ವ್ಯಸನವೇ, ಆರದ ದುಃಖವೂ ವ್ಯಸನವೇ. ಜೂಜು, ಕುಡಿತ, ಬೇಟೆ ಮೊದಲಾದವನ್ನು ಸಪ್ತವ್ಯಸನಗಳೆಂದು ಎಣಿಸಿದ ಹಳೆಯ ನೀತಿಗ್ರಂಥಗಳು ಮೊದಲ ಅರ್ಥವನ್ನು ಹಿಡಿದರೆ, ಸಾವಿನ ಮನೆಯಲ್ಲಿ ವ್ಯಸನಪಡಬೇಡಿರೆಂದು ಸಮಾಧಾನ ಹೇಳುವವರು ಎರಡನೆಯದನ್ನು ಬಳಸುತ್ತಾರೆ. ಕುಡುಕನ ಮನೆಯಲ್ಲಿ ಈ ಎರಡೂ ಒಂದೇ ಸೂರಿನಡಿ ಬಾಳುತ್ತವೆ. ಕುಡಿತದ ಈ ಚಟವನ್ನು ವೈದ್ಯರು ರೋಗವೆಂದೂ ನೆರೆಹೊರೆಯವರು ಹಣೆಬರಹವೆಂದೂ ಕರೆಯುತ್ತಿರುವಾಗ, ಕಥೋಲಿಕ ಧರ್ಮಸಭೆ ಇದನ್ನು ಹೇಗೆ ಕಂಡಿದೆ, ಇದರಿಂದ ಹೊರಬರಲು ಯಾವ ಹಾದಿಯನ್ನು ಕಟ್ಟಿದೆ ಎಂಬುದು ಲಿಂಗಸುಗೂರು ಸೀಮೆಯ ಓದುಗರಿಗೆ ಪರಿಚಯವಾಗಬೇಕಾದ ವಿಷಯ. ಆ ಸಭೆ ಈ ಸೀಮೆಗೆ ಹೊಸದಲ್ಲ, ಚಟ ಬಿಡಿಸುವ ಕಾಯಕವೂ ಇಲ್ಲಿಗೆ ಹೊಸದಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವಾದ ಸಿಂಧನೂರು, ಅದರ ನೆರೆಯ ಮಸ್ಕಿ, ಹಟ್ಟಿಯ ಚಿನ್ನದ ಗಣಿಯನ್ನು ಮಡಿಲಲ್ಲಿಟ್ಟುಕೊಂಡ ಲಿಂಗಸುಗೂರು, ಈ ಮೂರೂ ಕಡೆ ಬಟವಾಡೆಯ ದಿನದ ದುಡ್ಡು ಮನೆ ಮುಟ್ಟುವ ಮೊದಲು ಎಲ್ಲಿ ಕರಗುತ್ತದೆಂಬುದನ್ನು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತಾದರೂ ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಚಿಕ್ಕ ಪೊಟ್ಟಣಗಳು ಬಂದು ಕೂತವು, ಸಿ.ಎಚ್. ಪೌಡರ್ ಎಂದು ಜನ ಕರೆಯುವ ಕ್ಲೋರಲ್ ಹೈಡ್ರೇಟ್, ಅಂದರೆ ನಿದ್ದೆ ಬರಿಸುವ ಒಂದು ರಾಸಾಯನಿಕ, ಬೆರೆಸಿದ ಹೆಂಡವೂ ರಾಯಚೂರು ಜಿಲ್ಲೆಯ ಹಳೆಯ ಪಿಡುಗು. 2019ರ ಜನವರಿಯಲ್ಲಿ ಮದ್ಯನಿಷೇಧ ಆಂದೋಲನದ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದಾಗ ಆ ಸಾಲಿನಲ್ಲಿ ರಾಯಚೂರು ಜಿಲ್ಲೆಯವರು ಎದ್ದು ಕಾಣುವಷ್ಟಿದ್ದರು.

ಚಟವನ್ನು ಧರ್ಮದ ಕೈಯಿಂದ ಬಿಡಿಸುವ ವಿಷಯದಲ್ಲಿ ಈ ಭಾಗಕ್ಕೆ ತನ್ನದೇ ಆದ ಒಂದು ಮಾದರಿಯಿದೆ. ಲಿಂಗಸುಗೂರಿನ ನೆರೆಯ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯೇ ಅದು. ಜಂಗಮನ ಜೋಳಿಗೆಗೆ ಜೋಳ, ಹಿಟ್ಟು, ದುಡ್ಡು ಬೀಳುವುದು ವಾಡಿಕೆ; ಆದರೆ ಸ್ವಾಮಿಗಳು ಓಣಿ ಓಣಿ ಸುತ್ತಿ ಬೇಡಿದ್ದು ಜನರ ದುಶ್ಚಟಗಳನ್ನು, ಮತ್ತು ಕುಡಿತ, ತಂಬಾಕು ಬಿಡುವೆನೆಂಬ ಮಾತನ್ನು ಜನ ಆ ಜೋಳಿಗೆಗೆ ಹಾಕಿದರು. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಇನ್ನು ಕಥೋಲಿಕ ಸಭೆಯ ಮಾತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆಗೂ ಮೊಹರಮ್ಮಿಗೂ ಹೆಸರಾದಷ್ಟು ಅಲ್ಲಿನ ಕಥೋಲಿಕ ಚರ್ಚಿಗೆ ಹೆಸರಾಗಿಲ್ಲ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಯೇಸುಸಭೆ ಎಂಬ ಕಥೋಲಿಕ ಸಂನ್ಯಾಸಿ ಸಂಘದ ಗುರುಗಳು, ಅಂದರೆ ಪಾದ್ರಿಗಳು, ಕಟ್ಟಿದ ಈ ದೇವಾಲಯವನ್ನು ಗ್ಯಾಸೆಟಿಯರ್‌ಗಳು 16ನೆಯ ಶತಮಾನಕ್ಕೆ ಸೇರಿಸುತ್ತವೆ. ಸಂತ ಇಗ್ನೇಷಿಯಸ್ ಲೊಯೊಲ ಅವರ ಮುಂದಾಳತ್ವದ ಯೇಸುಸಭೆಗೆ ಪೋಪರ ಮನ್ನಣೆ ದೊರೆತದ್ದೇ 1540ರಲ್ಲಿ. ಆದ್ದರಿಂದ ಕನ್ನಡ ನಾಡಿನ ಅತಿ ಹಳೆಯ ಕಥೋಲಿಕ ನೆಲೆಗಳಲ್ಲಿ ಇದೂ ಒಂದೆನ್ನಬೇಕು. ಇಂದು ಈ ಸೀಮೆಯ ಕಥೋಲಿಕರು 1949ರಲ್ಲಿ ರೂಪುಗೊಂಡ ಬಳ್ಳಾರಿ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಪ್ರದೇಶಕ್ಕೆ, ಒಳಪಟ್ಟಿದ್ದಾರೆ.

ಮಠದ ಜೋಳಿಗೆಗೂ ಚರ್ಚಿನ ಹಾದಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಪಾಪನಿವೇದನೆ ಎಂಬ ಸಂಸ್ಕಾರವನ್ನು ಗಮನಿಸಬೇಕು. ಕಥೋಲಿಕ ವಿಶ್ವಾಸಿಯು ಗುರುವಿನ ಮುಂದೆ ತನ್ನ ತಪ್ಪುಗಳನ್ನು ಬಾಯಿಬಿಟ್ಟು ಹೇಳಿ, ಕ್ಷಮೆಯನ್ನು ಕಿವಿಯಾರೆ ಕೇಳಿಸಿಕೊಂಡು, ವಿಧಿಸಿದ ಪ್ರಾಯಶ್ಚಿತ್ತವನ್ನು ನೆರವೇರಿಸುವುದೇ ಈ ಸಂಸ್ಕಾರ. ಕೇಳಿದ್ದನ್ನು ಗುರುಗಳು ಸಾಯುವವರೆಗೂ ಹೊರಗೆಡಹುವಂತಿಲ್ಲ. ಸಂಕಲ್ಪ ಮುರಿದವನು ನಾಚಿಕೆಯಿಂದ ಜೋಳಿಗೆಯ ಮುಂದೆ ಮತ್ತೆ ನಿಲ್ಲಲು ಹಿಂಜರಿಯಬಹುದು. ಪಾಪನಿವೇದನೆಯಾದರೋ ಮನುಷ್ಯ ಮತ್ತೆ ಬೀಳುತ್ತಾನೆಂಬ ಲೆಕ್ಕವನ್ನು ಮೊದಲೇ ಇಟ್ಟುಕೊಂಡು ಕಟ್ಟಿದ ಏರ್ಪಾಡು. ಒಂದೇ ಏಟಿಗೆ ಚಟ ಬಿಡಿಸುವ ಪವಾಡಗಳ ಸುದ್ದಿಯೇ ಹೆಚ್ಚು ಹರಡಿದರೂ ಕಥೋಲಿಕ ಪರಂಪರೆಯ ನಿಜವಾದ ಕೊಡುಗೆ ಇರುವುದು ಈ ನಿಧಾನದ, ಸದ್ದಿಲ್ಲದ, ಮತ್ತೆ ಮತ್ತೆ ಬರಗೊಡುವ ವ್ಯವಸ್ಥೆಯಲ್ಲಿ.

ಈ ಪರಂಪರೆ ಆಧುನಿಕ ಚಿಕಿತ್ಸೆಯನ್ನು ಕೂಡಿಕೊಂಡದ್ದು ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ. ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಎಂಬಿಬ್ಬರು ಕುಡುಕರು 1935ರಲ್ಲಿ ಅಲ್ಲಿ ಭೇಟಿಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳಿಕೊಳ್ಳದ ಕುಡುಕರ ಪರಸ್ಪರ ಸಹಾಯಕೂಟ, ಕಥೋಲಿಕ ಸಂಸ್ಥೆಯೇನಲ್ಲ. ಆದರೆ ಕುಡಿತವನ್ನು ಕಾಯಿಲೆಯೆಂದು ಬಗೆದು ಹಾಸಿಗೆ ಕೊಡಲು ಆಸ್ಪತ್ರೆಗಳು ಹಿಂದೇಟು ಹಾಕುತ್ತಿದ್ದ ಆ ಕಾಲದಲ್ಲಿ ಬಾಗಿಲು ತೆರೆದದ್ದು ಸಂತ ತೋಮಸರ ಆಸ್ಪತ್ರೆಯ ಧರ್ಮಭಗಿನಿ ಇಗ್ನೇಷಿಯಾ. 1939ರಲ್ಲಿ ಅವರು ಮೊದಲ ರೋಗಿಯನ್ನು ಜಠರದ ಉರಿಯೂತವೆಂಬ ನೆಪದಲ್ಲಿ ದಾಖಲಿಸಿಕೊಂಡು, ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸುವ ಪುಟ್ಟ ಕೋಣೆಗೆ ಅವನ ಮಂಚವನ್ನು ತಳ್ಳಿಸಿದರು. ಗುಣವಾಗಿ ಹೊರಡುವವರ ಕೈಗೆ ಅವರು ಯೇಸುವಿನ ಪವಿತ್ರ ಹೃದಯದ ಚಿತ್ರವಿರುವ ಬಟ್ಟೆಯ ಬಿಲ್ಲೆಯೊಂದನ್ನು ಕೊಟ್ಟು, ಮತ್ತೆ ಕುಡಿಯಬೇಕೆನಿಸಿದರೆ ಗ್ಲಾಸು ಎತ್ತುವ ಮೊದಲು ಬಂದು ಇದನ್ನು ಹಿಂದಿರುಗಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ಇಳಕಲ್ಲಿನ ಜೋಳಿಗೆ ವ್ಯಸನಿಯ ಕೈಯಿಂದ ಒಂದನ್ನು ಪಡೆಯಿತು, ಆಕ್ರನ್ನಿನ ಬಿಲ್ಲೆ ಅವನ ಕೈಗೆ ಒಂದನ್ನು ಕೊಟ್ಟಿತು. ಎರಡೂ ಕಡೆ ಮನುಷ್ಯ ಇನ್ನೊಬ್ಬರ ಮುಖ ನೋಡಿ ಮಾತು ಕೊಟ್ಟಿದ್ದಾನೆ ಎಂಬುದೇ ಅವನನ್ನು ಹಿಡಿದು ನಿಲ್ಲಿಸುವ ಬಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲಿ ಕುಡಿಯದೆ ಕಳೆದ ತಿಂಗಳು, ವರುಷಗಳ ಗುರುತಿಗೆ ಇಂದು ಕೊಡುವ ಪದಕಗಳ ಮೂಲವನ್ನು ಹಲವರು ಆ ಬಿಲ್ಲೆಯಲ್ಲಿಯೇ ಕಾಣುತ್ತಾರೆ.

1940ರಲ್ಲಿ ಎಡ್ವರ್ಡ್ ಡೌಲಿಂಗ್ ಎಂಬ ಯೇಸುಸಭೆಯ ಗುರುಗಳು ಬಿಲ್ ವಿಲ್ಸನ್ನನನ್ನು ಹುಡುಕಿಕೊಂಡು ಬಂದದ್ದು, ಕೂಟದ ಹನ್ನೆರಡು ಹೆಜ್ಜೆಗಳಿಗೂ ತಮ್ಮ ಸಭೆಯ ಸ್ಥಾಪಕರು ರೂಪಿಸಿದ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆ ಅವರ ಕಣ್ಣಿಗೆ ಬಿದ್ದಿದ್ದರಿಂದ. ತನ್ನ ಶಕ್ತಿ ಸಾಲದೆಂದು ಒಪ್ಪುವುದು, ಬಾಳಿನ ಲೆಕ್ಕ ತೆಗೆಯುವುದು, ಅದನ್ನು ದೇವರಿಗೂ ಇನ್ನೊಬ್ಬ ಮನುಷ್ಯನಿಗೂ ಹೇಳುವುದು, ತನ್ನಿಂದ ನೊಂದವರ ಪಟ್ಟಿ ಬರೆದು ಹಾನಿ ತುಂಬಿಕೊಡುವುದು ಆ ಹೆಜ್ಜೆಗಳ ತಿರುಳು. ಈ ಸೀಮೆಯವನೊಬ್ಬ ಅಂಥ ಪಟ್ಟಿ ಬರೆಯಲು ಕೂತರೆ ಹೆಂಡತಿಯ ಕೊರಳಿನಿಂದ ಒತ್ತೆಗೆ ಹೋದ ಬೋರಮಾಳ, ಮಾರಿದ ತಾಮ್ರದ ಹಂಡೆ, ಕಿರಾಣಿ ಅಂಗಡಿಯ ಉದ್ರಿ, ಮಗಳ ಶಾಲೆಯ ಫೀಜು, ಎಲ್ಲವೂ ಅದರಲ್ಲಿ ಬರಬೇಕಾಗುತ್ತದೆ. ದೇವರು ಕ್ಷಮಿಸಿದನೆಂದು ಅಂಗಡಿಯವನ ಉದ್ರಿ ತೀರುವುದಿಲ್ಲವೆಂಬುದು ಈ ಹಾದಿಯ ಗಟ್ಟಿತನ.

ಭಾರತದಲ್ಲಿ ಇದಕ್ಕೆ ಹೊಸ ರೂಪ ಕೊಟ್ಟವರು ಮುಂಬಯಿಯ ಫಾದರ್ ಜೋ ಪಿರೇರಾ. ಸ್ವತಃ ಕುಡಿತಕ್ಕೆ ಸಿಲುಕಿ ಎದ್ದುಬಂದ ಈ ಗುರುಗಳು 1981ರಲ್ಲಿ ಬಾಂದ್ರಾದಲ್ಲಿ ಕೃಪಾ ಫೌಂಡೇಶನ್ ಆರಂಭಿಸಿ, ಹನ್ನೆರಡು ಹೆಜ್ಜೆಗಳ ಜೊತೆಗೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರಿಂದ ಕಲಿತ ಯೋಗವನ್ನೂ ಹೆಣೆದರು. ಮದ್ಯ ಕೆಡಿಸಿದ್ದು ದೇಹವನ್ನೂ ಆದ್ದರಿಂದ ಪ್ರಾರ್ಥನೆಗೆ ಮೊದಲು ಬೆನ್ನು ನೆಟ್ಟಗಾಗಬೇಕು, ಉಸಿರು ಹದಕ್ಕೆ ಬರಬೇಕು ಎಂಬ ಈ ವಿವೇಕ ಕನ್ನಡಿಗರಿಗೆ ಅರ್ಥವಾಗದ್ದಲ್ಲ. ಅವರಿಗೆ 2009ರಲ್ಲಿ ಪದ್ಮಶ್ರೀ ಸಂದಿತು. ಕಥೋಲಿಕರ ಇನ್ನೊಂದು ನೆಲೆಯಾದ ಕೇರಳದ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರದಲ್ಲಿ ಕನ್ನಡದಲ್ಲಿಯೂ ಧ್ಯಾನಕೂಟಗಳು ನಡೆಯುತ್ತವೆ. ಕುಡಿತ ಬಿಡಬೇಕೆಂದು ಅಲ್ಲಿಗೆ ಹೋಗುವವರಿದ್ದಾರೆ.

ಧರ್ಮಸಭೆ ವ್ಯಸನಿಗಳ ಮುಂದಿಡುವ ಮಾದರಿಗಳೂ ಅಚ್ಚುಕಟ್ಟಾದ ಸಂತಕಥೆಗಳಲ್ಲ. ಡಬ್ಲಿನ್ನಿನ ಕೂಲಿಯಾಳು ಮ್ಯಾಟ್ ಟಾಲ್ಬಟ್ 1884ರಲ್ಲಿ, 28ರ ಹರೆಯದಲ್ಲಿ, ಕುಡಿತ ಬಿಟ್ಟು, 1925ರಲ್ಲಿ ಸಾಯುವತನಕ ಅದನ್ನು ಮುಟ್ಟಲಿಲ್ಲ. ಕುಡಿಯುವ ಕಾಲದಲ್ಲಿ ಬೀದಿಯ ವಾದಕನೊಬ್ಬನ ಪಿಟೀಲನ್ನು ಕದ್ದು ಮಾರಿದ್ದ ಆತ, ಅದರ ಬೆಲೆ ತೆರಲು ಅವನಿಗಾಗಿ ಊರೆಲ್ಲ ಹುಡುಕಿ, ಸಿಗದಿದ್ದಾಗ ಆ ಹಣವನ್ನು ಅವನ ಹೆಸರಿನಲ್ಲಿ ಚರ್ಚಿನ ಪೂಜೆಗೆ ಕೊಟ್ಟ. ಚೀನಾದ ವೈದ್ಯ ಮಾರ್ಕ್ ಜಿ ಟಿಯಾನ್‌ಶಿಯಾಂಗ್‌ನ ಕಥೆ ಇನ್ನೂ ಒರಟು: ಹೊಟ್ಟೆನೋವಿಗೆಂದು ಹಿಡಿದ ಅಫೀಮು ಅವನನ್ನು ಬಿಡಲೇ ಇಲ್ಲ, ಅದೇ ಪಾಪವನ್ನು ಪದೇ ಪದೇ ನಿವೇದಿಸುತ್ತಿದ್ದವನಿಗೆ ಸುಮಾರು 30 ವರ್ಷ ಪರಮಪ್ರಸಾದ, ಅಂದರೆ ಬಲಿಪೂಜೆ ಎಂಬ ಚರ್ಚಿನ ಮುಖ್ಯ ಆರಾಧನೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ, ದೊರೆಯಲಿಲ್ಲ, ಆದರೂ ಆತ ಚರ್ಚಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. 1900ರಲ್ಲಿ ಕ್ರೈಸ್ತರ ಮೇಲೂ ತಿರುಗಿದ ಬಾಕ್ಸರ್ ದಂಗೆಯಲ್ಲಿ ವಿಶ್ವಾಸ ತೊರೆಯಲೊಪ್ಪದೆ ಮನೆಯವರೊಡನೆ ಪ್ರಾಣ ಕೊಟ್ಟ ಆತನಿಗೆ 2000ದಲ್ಲಿ ಸಂತ ಪದವಿ ದೊರೆಯಿತು. ಮೂವತ್ತು ವರ್ಷ ಪ್ರಸಾದ ನಿರಾಕರಿಸಿದ ಸಭೆಯೇ ಕೊನೆಗೆ ಅವನನ್ನು ಪೀಠವೇರಿಸಿತೆಂಬುದರಲ್ಲಿ ಸಭೆ ತನ್ನನ್ನು ತಾನು ತಿದ್ದಿಕೊಂಡದ್ದೂ ಇದೆ.

ಈ ಹಾದಿಗೆ ಮಿತಿಗಳಿಲ್ಲವೆಂದಲ್ಲ. ವಚನ ಪರಂಪರೆಯ ಮಠಗಳಂತೆ ಕಥೋಲಿಕ ಸಭೆ ಮದ್ಯವನ್ನೇ ನಿಷಿದ್ಧವೆನ್ನುವುದಿಲ್ಲ. ಮಿತಿ ಮೀರುವುದನ್ನು ಮಾತ್ರ ಪಾಪವೆನ್ನುತ್ತದೆ, ಮತ್ತು ಮಿತಿ ಎಂಬುದೇ ತಿಳಿಯದ ವ್ಯಸನಿಗೆ ಈ ಸೂಕ್ಷ್ಮ ಉಪಯೋಗಕ್ಕೆ ಬರುವುದಿಲ್ಲ. ಬಲಿಪೂಜೆಯಲ್ಲಿಯೇ ದ್ರಾಕ್ಷಾರಸವಿದೆ. ಆದರೂ ವಿಶ್ವಾಸಿಗೆ ರೊಟ್ಟಿಯೊಂದೇ ಸಾಕೆಂಬ ನಿಯಮವೂ, ವ್ಯಸನದಿಂದ ಹೊರಬಂದ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು ಹುಳಿಯದ ದ್ರಾಕ್ಷಿರಸ ಬಳಸಬಹುದೆಂಬ ವಿನಾಯಿತಿಯೂ ಇವೆ.

ದೇವರ ಮೇಲೆ ಭಾರ ಹಾಕಿ ಬಹುಕಾಲದ ಕುಡಿತವನ್ನು ಒಮ್ಮೆಲೇ ನಿಲ್ಲಿಸುವುದು ಮಾತ್ರ ಅಪಾಯ. ಹಾಗೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸು, ಇಲ್ಲದ್ದು ಕಂಡಂತಾಗುವ ಭ್ರಮೆ ಬಂದು ಜೀವಕ್ಕೇ ಎರವಾಗಬಹುದು. ಆದ್ದರಿಂದ ಚರ್ಚಿಗಾಗಲಿ ಮಠಕ್ಕಾಗಲಿ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ವ್ಯಸನಿಗಳೂ ಅವರ ಮನೆಯವರೂ ಉಚಿತವಾಗಿ ಕರೆಮಾಡಬಹುದಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446.