ಪರದೇಶದ ಅತಿಥಿಗಳಿಗೆ ಮೂರು ದಿನದ ಶಿವಮೊಗ್ಗ

ತಿಥಿಯ ನಿಯಮವಿಲ್ಲದೆ ಬರುವವನು ಅತಿಥಿ ಎಂದು ಹಿರಿಯರು ಆ ಶಬ್ದವನ್ನು ಬಿಡಿಸಿ ಹೇಳುತ್ತಿದ್ದರು. ಸಮುದ್ರದಾಚೆಯಿಂದ ಈಗ ನಮ್ಮ ಮನೆಗಳಿಗೆ ಬರುವವರ ವಿಷಯದಲ್ಲಿ ಈ ಅರ್ಥವು ತಲೆಕೆಳಗಾಗಿದೆ. ಅವರು ಬರುವ ತಿಥಿಯಷ್ಟೇ ಅಲ್ಲ, ಹೊರಡುವ ತಿಥಿಯೂ, ವಿಮಾನವನ್ನೇರುವ ಗಳಿಗೆಯೂ ತಿಂಗಳುಗಳ ಮೊದಲೇ ನಿಶ್ಚಿತವಾಗಿರುತ್ತವೆ. ಅಮೆರಿಕೆಯಲ್ಲೋ ಇಂಗ್ಲೆಂಡಿನಲ್ಲೋ ನೆಲಸಿದ ಮಗಳು, ಅಳಿಯ, ಮೊಮ್ಮಕ್ಕಳು ತಮ್ಮ ರಜೆಯಲ್ಲಿ ಮೂರು ದಿನಗಳನ್ನು ಶಿವಮೊಗ್ಗಕ್ಕೂ ಭದ್ರಾವತಿಗೂ ಮೀಸಲಿಟ್ಟು ಬರುತ್ತಾರೆ. ಅವರೊಡನೆ ನಮ್ಮ ಭಾಷೆಯನ್ನರಿಯದ ಸ್ನೇಹಿತರು ಬರುವುದೂ ಉಂಟು. ಈ ಮೂರು ದಿನಗಳನ್ನು ಹೇಗೆ ವಿನಿಯೋಗಿಸಬೇಕೆಂಬುದು ಗೃಹಸ್ಥರಾದವರು ಮುಂಚಿತವಾಗಿ ಆಲೋಚಿಸತಕ್ಕ ವಿಷಯವಾಗಿದೆ.

ಸಾಮಾನ್ಯವಾಗಿ ನಡೆಯುವುದೇನು? ಬಂದವರಿಗೆ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಅಕ್ಕರೆಯಿಂದ, ಜೋಗ, ಆಗುಂಬೆ, ಶೃಂಗೇರಿ, ಸಿಗಂದೂರು ಎಂದು ನಾವು ಉದ್ದವಾದ ಪಟ್ಟಿಯನ್ನು ಮಾಡುತ್ತೇವೆ. ಶಿವಮೊಗ್ಗದಿಂದ ಜೋಗಕ್ಕೇ ಸುಮಾರು ೧೦೦ ಕಿಲೋಮೀಟರು. ಹೋಗಿಬರುವುದರಲ್ಲಿ ಒಂದು ದಿನ ಪೂರ್ತಿಯಾಗಿ ಮುಗಿಯುತ್ತದೆ. ಮೇಲಾಗಿ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಂದಿನಿಂದ, ಮಳೆಗಾಲ ಕಳೆದ ಮೇಲೆ ಜಲಪಾತದ ಧಾರೆಯು ತೆಳುವಾಗಿಬಿಡುತ್ತದೆ. ಡಿಸೆಂಬರಿನ ರಜೆಯಲ್ಲಿ ಬಂದವರಿಗೆ ಚಿತ್ರಪಟದಲ್ಲಿ ಕಂಡ ಜೋಗವು ಕಾಣದೆ ನಿರಾಶೆಯಾಗುವುದೇ ಹೆಚ್ಚು. ಮಕ್ಕಳು ಮೋಟಾರಿನಲ್ಲಿ ನಿದ್ರೆಮಾಡುತ್ತ ಹೋಗಿ ನಿದ್ರೆಮಾಡುತ್ತ ಬರುತ್ತಾರೆ. ಮನೆಯಲ್ಲಿ ಕಾದು ಕುಳಿತ ಅಜ್ಜಿಗೆ ಊಟದ ಹೊತ್ತಿನ ಅರ್ಧ ಗಂಟೆ ಮಾತ್ರ ದಕ್ಕುತ್ತದೆ. ಮುಂದಿನ ಸಲ ಅವರು ಬರುವುದು ಯಾವ ವರ್ಷವೋ, ಆಗ ಮನೆಯಲ್ಲಿ ಯಾರಿರುವರೋ, ಹೇಳಬಲ್ಲವರಾರು? ಆದಕಾರಣ ಒಂದೇ ನಿಯಮವನ್ನು ಸೂಚಿಸುತ್ತೇನೆ: ಬೆಳಗ್ಗೆ ಒಂದು ಸ್ಥಳ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಒಂದು ಸ್ಥಳ, ಉಳಿದ ಹೊತ್ತೆಲ್ಲ ಮನೆ. ಜೋಗವನ್ನು ನೋಡಲೇಬೇಕೆಂದಿದ್ದರೆ ನಾಲ್ಕನೆಯ ದಿನವನ್ನು ಬೇರೆಯಾಗಿ ಕೇಳಿಕೊಳ್ಳಬೇಕು.

ಮೊದಲು ಬರುವ ದಾರಿಯ ವಿಚಾರ. ಬೆಂಗಳೂರಿನಿಂದ ರೈಲು ಬೀರೂರು, ತರೀಕೆರೆಗಳನ್ನು ಹಾದು ಬರುತ್ತದೆ. ಈ ದಾರಿಯಲ್ಲಿ ಭದ್ರಾವತಿಯು ಶಿವಮೊಗ್ಗಕ್ಕಿಂತ ಮುಂಚೆ ಸಿಕ್ಕುವುದರಿಂದ, ಭದ್ರಾವತಿಯಲ್ಲಿ ಮನೆಯುಳ್ಳವರು ಅಲ್ಲಿಯೇ ಇಳಿಯುವಂತೆ ತಿಳಿಸಬೇಕು. ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನನಿಲ್ದಾಣವು ೨೦೨೩ರ ಫೆಬ್ರುವರಿ ೨೭ರಂದು ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ ೩೧ರಿಂದ ವಿಮಾನಗಳ ಸಂಚಾರವು ಮೊದಲಾಯಿತು. ಆದರೆ ಮಳೆ ಮೋಡಗಳ ದಿನಗಳಲ್ಲಿ ವಿಮಾನವು ತಡವಾಗುವ ಸಂಭವವುಂಟು. ಹಿಂದಿರುಗುವಾಗ ಶಿವಮೊಗ್ಗವನ್ನು ಬಿಟ್ಟ ದಿನವೇ ಬೆಂಗಳೂರಿನಲ್ಲಿ ಪರದೇಶದ ವಿಮಾನವನ್ನು ಹಿಡಿಯುವ ಏರ್ಪಾಡು ಬೇಡ. ನಡುವೆ ಒಂದು ರಾತ್ರಿಯ ಅಂತರವಿದ್ದರೆ ಇಬ್ಬರಿಗೂ ನೆಮ್ಮದಿ.

ಅತಿಥಿಗಳು ಬರುವುದಕ್ಕೆ ಮುಂಚೆ ಗೃಹಸ್ಥನು ಮಾಡಿಕೊಳ್ಳತಕ್ಕ ಸಿದ್ಧತೆಗಳು ಕೆಲವುಂಟು. ಪರದೇಶದ ಪೌರತ್ವವುಳ್ಳವರನ್ನು ಇಳಿಸಿಕೊಂಡವರು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಅದನ್ನು ಸರಕಾರದ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವಿದೆ. ಇದು ಹೋಟೆಲುಗಳಿಗೆ ಮಾತ್ರವೆಂದು ಹಲವರು ಭಾವಿಸಿರುವರು. ಹಾಗಲ್ಲ, ಮನೆಗಳಿಗೂ ಅನ್ವಯಿಸುತ್ತದೆ. ಅಂತರ್ಜಾಲದ ಮೂಲಕವೇ ಈ ಕೆಲಸವಾಗುವುದರಿಂದ, ಪಾಸ್‌ಪೋರ್ಟ್ ಮತ್ತು ವೀಸಾಗಳ ವಿವರವನ್ನು ಮೊದಲೇ ತರಿಸಿಟ್ಟುಕೊಂಡರೆ ಸುಲಭ. ನಮ್ಮ ವಿದ್ಯುತ್ತು ೨೩೦ ವೋಲ್ಟಿನದು, ಅಮೆರಿಕೆಯದು ೧೨೦. ಅಲ್ಲಿಯ ಕೂದಲೊಣಗಿಸುವ ಯಂತ್ರವನ್ನು ಇಲ್ಲಿ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗಬಹುದು. ನಮ್ಮ ಗೋಡೆಯ ರಂಧ್ರಗಳಿಗೆ ಹೊಂದುವ ಪ್ಲಗ್ಗುಗಳನ್ನು ಒಂದೆರಡು ತಂದಿಟ್ಟಿರಬೇಕು. ಪೇಟೆಯ ಚಿಕ್ಕ ಅಂಗಡಿಗಳಲ್ಲಿಯೂ ಆಟೋಗಳಲ್ಲಿಯೂ ಪರದೇಶದ ಬ್ಯಾಂಕಿನ ಕಾರ್ಡು ಸಾಮಾನ್ಯವಾಗಿ ನಡೆಯದು. ಹತ್ತು, ಇಪ್ಪತ್ತು, ಐವತ್ತು, ನೂರರ ನೋಟುಗಳನ್ನು ಒಂದು ಚೀಲದಲ್ಲಿ ಕೂಡಿಸಿಟ್ಟು ಕೊಡುವುದು ಒಳ್ಳೆಯದು. ತುರ್ತಿಗೆ ೧೧೨, ಆಂಬುಲೆನ್ಸಿಗೆ ೧೦೮ ಎಂಬ ಎರಡು ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಅವರ ಕೈಗೆ ಕೊಡಬೇಕು.

ನೀರಿನ ವಿಷಯದಲ್ಲಿ ಸಂಕೋಚ ಸಲ್ಲದು. ಗಂಗಾಸ್ನಾನ, ತುಂಗಾಪಾನ ಎಂಬುದು ನಮ್ಮ ನಾಡಿನ ಹೆಮ್ಮೆಯ ಮಾತು. ಆದರೆ ಊರುಗಳ ಕೊಳೆಯನ್ನು ಹೊತ್ತು ಹರಿಯುವ ಇಂದಿನ ಹೊಳೆಯ ನೀರನ್ನು ಹಾಗೆಯೇ ಕುಡಿಸುವುದು ಭಕ್ತಿಯೂ ಅಲ್ಲ, ಆದರವೂ ಅಲ್ಲ. ಕುದಿಸಿ ಆರಿಸಿದ ನೀರನ್ನೇ ಕೊಡಬೇಕು. ಹೊರಗೆ ಹೋಗುವಾಗ ಅದನ್ನೇ ಬಾಟಲಿಯಲ್ಲಿ ತುಂಬಿ ಕಳುಹಿಸಬೇಕು. ಊಟದಲ್ಲಿಯೂ ಮೊದಲ ದಿನವೇ ಹೋಳಿಗೆ ತುಪ್ಪಗಳ ಬಲವಂತ ಬೇಡ. ಅನ್ನ, ತಿಳಿಸಾರು, ತಂಬುಳಿ, ಬಿಸಿಯಾದ ಕಡುಬು, ಅಕ್ಕಿರೊಟ್ಟಿ ಇವು ಹೊಸಬರ ಹೊಟ್ಟೆಗೆ ಹಿತ. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಸ್ವಲ್ಪವೇ ಬಡಿಸಿದರೆ ಸಾಕು. ಬೇಡವೆಂದವರಿಗೆ ಬಡಿಸದಿರುವುದೂ ಉಪಚಾರವೇ. ರಾತ್ರಿ ಸೊಳ್ಳೆಪರದೆಯನ್ನು ಮರೆಯಬಾರದು.

ಇಂಗ್ಲೆಂಡಿಗೂ ನಮಗೂ ಚಳಿಗಾಲದಲ್ಲಿ ಐದೂವರೆ ಗಂಟೆಗಳ ಅಂತರ. ಅಮೆರಿಕೆಯ ಪೂರ್ವತೀರಕ್ಕಾದರೆ ಹತ್ತೂವರೆ ಗಂಟೆ. ಆದ್ದರಿಂದ ಬಂದ ಮಕ್ಕಳು ನಡುರಾತ್ರಿ ಎದ್ದು ಹಸಿವೆಯೆನ್ನುವುದು ಸಹಜ. ಅವರನ್ನು ಗದರಿಸಿ ಮಲಗಿಸುವುದಕ್ಕಿಂತ ಅವಲಕ್ಕಿ ಮೊಸರು ಕೊಟ್ಟು, ಹೊತ್ತು ಮೂಡುವುದನ್ನು ಕಾಯುವುದು ಮೇಲು. ಈ ಅಕಾಲದ ಎಚ್ಚರವನ್ನು ಸದುಪಯೋಗ ಮಾಡಿಕೊಳ್ಳುವ ಉಪಾಯವೂ ಉಂಟು. ಮೊದಲ ದಿನದ ಬೆಳಗ್ಗೆ ಸಕ್ರೆಬೈಲಿಗೆ ಹೊರಡಬಹುದು. ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆಯಲ್ಲಿ ಸುಮಾರು ೧೪ ಕಿಲೋಮೀಟರು ದೂರದಲ್ಲಿ, ಗಾಜನೂರಿನ ತುಂಗಾ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ, ಅರಣ್ಯ ಇಲಾಖೆಯ ಆನೆಬಿಡಾರವಿದೆ. ಆನೆಗಳು ನೀರಿಗಿಳಿದು ಮೀಯುವುದೂ ಮಾವುತರು ಅವುಗಳ ಮೈಯುಜ್ಜುವುದೂ ಪೂರ್ವಾಹ್ನದಲ್ಲಿ ಮಾತ್ರ. ತಡಮಾಡಿ ಹೋದವರಿಗೆ ಬರಿಯ ಬಿಡಾರವಷ್ಟೇ ಕಾಣುತ್ತದೆ. ಮಾವುತನ ಅಪ್ಪಣೆಯಿಲ್ಲದೆ ಮಕ್ಕಳು ಆನೆಯ ಸಮೀಪಕ್ಕೆ ಹೋಗಲಾಗದು.

ಅದೇ ದಿನ ಬಿಸಿಲಿಳಿದ ಮೇಲೆ ಊರೊಳಗೆ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಮರದ ಕಂಬಗಳ ಕಟ್ಟಡವನ್ನು ನೋಡಬಹುದು. ಸರಕಾರದ ವಸ್ತುಸಂಗ್ರಹಾಲಯವಾಗಿರುವ ಅಲ್ಲಿ ವೀರಗಲ್ಲುಗಳು ಇವೆ. ಅವುಗಳ ಮುಂದೆ ನಿಂತು, ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರೊಡನೆ ವೀರನ ಪ್ರಯಾಣ, ಮೇಲೆ ಕೈಲಾಸ ಎಂದು ಕ್ರಮವಾಗಿ ಓದಿ ತೋರಿಸಿದರೆ, ಕನ್ನಡವರಿಯದ ಬಾಲಕನಿಗೂ ಕಲ್ಲು ಕಥೆ ಹೇಳತೊಡಗುತ್ತದೆ. ವಾರದ ರಜಾದಿನವನ್ನೂ ಬಾಗಿಲು ಮುಚ್ಚುವ ಹೊತ್ತನ್ನೂ ಮೊದಲೇ ವಿಚಾರಿಸಿಕೊಂಡು ಹೊರಡಬೇಕು. ಸಮೀಪದಲ್ಲಿಯೇ ಕೋಟೆ ಆಂಜನೇಯನ ಗುಡಿ, ತುಂಗೆಯ ದಡ. ಆ ಬಳಿಕ ಗಾಂಧಿಬಜಾರಿನ ಹೂವು ಹಣ್ಣುಗಳ ಸಾಲು. ಇಷ್ಟು ಒಂದು ಸಂಜೆಗೆ ಧಾರಾಳ.

ಎರಡನೆಯ ದಿನವು ಭದ್ರಾವತಿಯದು. ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳರ ಕಾಲದ ತ್ರಿಕೂಟ, ಎಂದರೆ ಮೂರು ಗರ್ಭಗೃಹಗಳು ಒಂದೇ ನವರಂಗಕ್ಕೆ ಕೂಡಿಕೊಂಡಿರುವ ರಚನೆ. ಬೇಲೂರು ಹಳೆಬೀಡುಗಳ ಜನಸಂದಣಿ ಇಲ್ಲಿಲ್ಲವಾದುದರಿಂದ ಶಿಲ್ಪವನ್ನು ಸಾವಕಾಶವಾಗಿ ನೋಡಬಹುದು. ಮಧ್ಯಾಹ್ನ ಬಾಗಿಲು ಹಾಕುವುದಕ್ಕೆ ಮುಂಚೆ ಹೋಗಬೇಕು. ಹೊರಗೆ ಬಿಸಿಲಿನ ಕಲ್ಲು ಕಾಲು ಸುಡುವುದರಿಂದ, ಬರಿಗಾಲಿನ ಅಭ್ಯಾಸವಿಲ್ಲದವರಿಗೆ ಕಾಲುಚೀಲ ಜೊತೆಯಲ್ಲಿರಲಿ.

ಆದರೆ ದೇವಾಲಯವನ್ನು ನೋಡಿದ ಮಾತ್ರಕ್ಕೆ ಭದ್ರಾವತಿಯನ್ನು ನೋಡಿದಂತಾಗದು. ಬೆಂಕಿಪುರವೆಂದು ಹಿಂದೆ ಕರೆಯುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದುರನ್ನು ಮಲೆನಾಡಿನ ಸೌದೆಯ ಇದ್ದಲಿನಿಂದ ಕರಗಿಸಿ ಇಲ್ಲಿ ಕಬ್ಬಿಣವನ್ನು ತೆಗೆಯುತ್ತಿದ್ದರು. ನಷ್ಟದಲ್ಲಿ ತೊಡಗಿದ ಈ ಉದ್ಯಮವನ್ನು ವಿಶ್ವೇಶ್ವರಯ್ಯನವರು ೧೯೨೩ರಿಂದ ೧೯೨೯ರವರೆಗೆ ಅಧ್ಯಕ್ಷರಾಗಿ ನಡೆಯಿಸಿದರು. ಮುಂದೆ ಅವರ ಹೆಸರನ್ನೇ ಕಾರ್ಖಾನೆಗಿಟ್ಟರು. ೧೯೩೬ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಈಗಿನ ಸ್ಥಿತಿಯನ್ನು ಮರೆಮಾಚಬೇಕಾದುದಿಲ್ಲ. ಕಾಗದದ ಕಾರ್ಖಾನೆಯ ಉತ್ಪಾದನೆಯು ೨೦೧೫ರ ಸುಮಾರಿಗೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ೨೦೨೩ರ ಜನವರಿಯಲ್ಲಿ, ಸರಿಯಾಗಿ ಅದರ ನೂರನೆಯ ವರ್ಷದಲ್ಲಿ, ಪ್ರಕಟವಾಯಿತು. ಕಾರ್ಮಿಕರು ಧರಣಿ ಕುಳಿತರು. ಕೆಲವು ಭಾಗದ ಕೆಲಸವು ಅದೇ ವರ್ಷ ಮರಳಿ ತೊಡಗಿತು. ಅನುಮತಿಯಿಲ್ಲದೆ ಒಳಗೆ ಹೋಗಲು ಬಾರದು. ಹೊರಗಿನಿಂದ ಚಿಮಣಿಗಳನ್ನು ತೋರಿಸಿ, ಸಂಜೆ ಅಲ್ಲಿ ದುಡಿದು ನಿವೃತ್ತರಾದ ನೆಂಟರನ್ನೋ ನೆರೆಯವರನ್ನೋ ಮನೆಗೆ ಕರೆದು, ಅವರಿಂದಲೇ ಕುಲುಮೆಯ ಮಾತನ್ನು ಹೇಳಿಸಬೇಕು. ತನ್ನ ಮುತ್ತಜ್ಜನು ಯಾವ ಪಾಳಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದನೆಂಬುದನ್ನು ಕೇಳಿದ ಹುಡುಗನಿಗೆ, ತನ್ನ ತಂದೆಯು ಪರದೇಶಕ್ಕೆ ಹೋಗುವಂತಾದುದು ಹೇಗೆಂಬುದು ತಾನಾಗಿಯೇ ತಿಳಿಯುವುದು.

ಮೂರನೆಯ ದಿನದ ಬೆಳಗ್ಗೆ ಕೂಡಲಿಗೆ ಹೋಗಬೇಕು. ಶಿವಮೊಗ್ಗದಿಂದ ಸುಮಾರು ೧೫ ಕಿಲೋಮೀಟರು. ತುಂಗೆ ಭದ್ರೆಗಳೆರಡೂ ಹುಟ್ಟುವುದು ಗಂಗಾಮೂಲದ ಒಂದೇ ಬೆಟ್ಟದಲ್ಲಿ. ಒಂದು ಶೃಂಗೇರಿ ತೀರ್ಥಹಳ್ಳಿಗಳ ದಾರಿಯನ್ನೂ, ಇನ್ನೊಂದು ಕಳಸದ ದಾರಿಯನ್ನೂ ಹಿಡಿದು, ಬೇರೆ ಬೇರೆ ನಾಡುಗಳನ್ನು ಸುತ್ತಿ ಇಲ್ಲಿ ಮತ್ತೆ ಕೂಡುತ್ತವೆ. ಮೊದಲ ದಿನ ತುಂಗೆಯನ್ನೂ ಎರಡನೆಯ ದಿನ ಭದ್ರೆಯನ್ನೂ ನೋಡಿದವರಿಗೆ ಈ ಸಂಗಮದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಂಗಮೇಶ್ವರ, ರಾಮೇಶ್ವರ ದೇವಾಲಯಗಳು ಹತ್ತಿರದಲ್ಲಿಯೇ ಇವೆ. ಮೆಟ್ಟಿಲುಗಳು ಪಾಚಿಗಟ್ಟಿ ಜಾರುವುವು. ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ರವಾಹದ ಭಯವೂ ಇದೆ. ಈಜು ಬಲ್ಲೆನೆಂದವರನ್ನೂ ನೀರಿಗಿಳಿಸದೆ ಪ್ರೋಕ್ಷಣೆಯಲ್ಲಿಯೇ ತೃಪ್ತಿಪಡಿಸಬೇಕು.

ಸಂಸ್ಕೃತ ಗ್ರಾಮವೆಂದು ಹೆಸರಾದ ಮತ್ತೂರನ್ನು ನೋಡಬೇಕೆಂದು ಪರದೇಶದವರು ಕೇಳುವುದುಂಟು. ಸಂಸ್ಕೃತವನ್ನು ದಿನಬಳಕೆಯ ಮಾತಾಗಿಸುವ ಪ್ರಯತ್ನವು ೧೯೮೧ರಿಂದ ಅಲ್ಲಿ ನಡೆದುಬಂದಿದೆ. ಹೊಳೆಯ ಆಚೆಯ ಹೊಸಹಳ್ಳಿಯು ಗಮಕಕ್ಕೆ ಪ್ರಸಿದ್ಧ. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು. ಪರಿಚಿತರೊಬ್ಬರಿದ್ದರೆ ಮೊದಲೇ ತಿಳಿಸಿ ಕೂಡಲಿಯ ಬದಲು ಅಲ್ಲಿಗೆ ಹೋಗಬಹುದು. ಆದರೆ ಅದು ಜನರು ಬಾಳುವ ಊರು, ಪ್ರದರ್ಶನವಲ್ಲ. ಕೇಳದೆ ಮನೆಯೊಳಗೆ ಇಣುಕುವುದು, ಪಾಠದಲ್ಲಿರುವ ಮಕ್ಕಳ ಪಟ ತೆಗೆಯುವುದು, ಎದುರಿಗೆ ಬಂದವರನ್ನು ಸಂಸ್ಕೃತದಲ್ಲಿ ಮಾತಾಡಿರೆಂದು ಒತ್ತಾಯಿಸುವುದು ಯೋಗ್ಯವಲ್ಲ.

ಮೂರನೆಯ ದಿನದ ಮಧ್ಯಾಹ್ನವನ್ನು ಯಾವ ಸ್ಥಳಕ್ಕೂ ಕೊಡದೆ ಮನೆಗೇ ಬಿಡಬೇಕು. ಅಜ್ಜಿಯ ಬಳಿ ಕುಳಿತು ಅಕ್ಕಿರೊಟ್ಟಿ ತಟ್ಟುವುದನ್ನು ಮೊಮ್ಮಗಳು ಕಲಿಯಲಿ. ಹಿರಿಯರ ಹೆಸರುಗಳನ್ನೂ ಊರುಗಳನ್ನೂ ಅವರ ಬಾಯಿಂದಲೇ ಕೇಳಿ ಮೊಮ್ಮಗನು ತನ್ನ ಲಿಪಿಯಲ್ಲಾದರೂ ಬರೆದುಕೊಳ್ಳಲಿ. ಪೆಟ್ಟಿಗೆ ಕಟ್ಟುವ ಕೆಲಸವನ್ನು ಮಾತ್ರ ಆ ಸಂಜೆಗೆ ಮುಂದೂಡದೆ ಹಿಂದಿನ ರಾತ್ರಿಯೇ ಮುಗಿಸಿರಬೇಕು. ಬೀಜ, ಸಸಿ, ಹಸಿ ಹಣ್ಣುಗಳನ್ನು ಹಲವು ದೇಶಗಳು ಒಳಕ್ಕೆ ಬಿಡವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಿಯಮವು ಅತಿ ಕಠಿಣ, ತಿಳಿಸದೆ ಒಯ್ದರೆ ದಂಡವೂ ಉಂಟು. ಕೋಡುಬಳೆ, ಸಾರಿನ ಪುಡಿಗಳನ್ನು ಗಾಳಿಯಾಡದಂತೆ ಕಟ್ಟಿ, ಮೇಲೆ ಹೆಸರನ್ನು ಬರೆದು ಕೊಟ್ಟರೆ ಸುಂಕದ ಕಟ್ಟೆಯಲ್ಲಿ ವಿವರಿಸುವುದು ಸುಲಭ. ಹೀಗೆ ಸಾಮಾನಿನ ಚಿಂತೆಯು ಮೊದಲೇ ತೀರಿದ್ದರೆ, ಉಳಿದ ನಾಲ್ಕು ಗಂಟೆಗಳು ಪೂರ್ತಿಯಾಗಿ ಮಾತಿಗೆ ಸಲ್ಲುವುವು.